ಸಕಾರದ ರಿಪೇರಿ

ತೀನ್ ಕಂದೀಲ್ ಹಿಂದಿನ ಓಣಿಯಲ್ಲಿ
ಮಧ್ಯಾಹ್ನ ಮೂರಕ್ಕೆ ಅಂಗಡಿಯ ತಗಡು
ಕೈ ಇಟ್ಟರೆ ಕೈ ಬಿಡುವುದಿಲ್ಲ.
ಅಂಥ ಹೊತ್ತಿನಲ್ಲಿ ನೀಲಗಂಗಮ್ಮ ಟೀಚರು
ಆಟೋದಿಂದ ಎರಡು ಸ್ಪೀಕರ್ ಇಳಿಸಿ
ಬೆವರೂ ಒರೆಸದೆ ದೂರು ಕೊಟ್ಟರು:
"ಹುಸೇನಪ್ಪಾ, ಇದಕ್ಕ ಶ ಬರವಲ್ದು."

ಮೂವತ್ತಾರು ವರ್ಷ ಮಕ್ಕಳ ನಾಲಿಗೆ ತಿದ್ದಿದವರು,
ಈಗ ಡಬ್ಬಿಯ ನಾಲಿಗೆಗೆ ಬಂದಿದ್ದಾರೆ.
ಕ್ಯಾಸೆಟ್ಟಿನಲ್ಲಿ ಅವರ ಸೋದರತ್ತೆ, ಮಾನ್ವಿ ಕಡೆಯ ತಿಪ್ಪಮ್ಮ,
ಯಾವುದೋ ಅಮಾವಾಸ್ಯೆಯ ಭಜನೆಯಲ್ಲಿ ಹಾಡಿದ್ದು.
'ಶರಣು' ಅಂದದ್ದು 'ಸರಣು' ಅಂತ ಕೇಳುತ್ತದಂತೆ,
ಅದೂ ಕಂಬಳಿ ಹೊದ್ದು ಒಳಗಿಂದ ಅಂದ ಹಾಗೆ.

ಹಿಂಬದಿ ಬಿಚ್ಚಿದೆ.
ಹಲ್ಲಿಯ ಎರಡು ತತ್ತಿ, ಹಿಡಿ ಧೂಳು, ಕ್ರಾಸ್‌ಓವರ್ ಹಲಗೆ.
ದನಿ ಕವಲೊಡೆಯುವ ಜಾಗ ಇದು:
ದಪ್ಪನೆಯದು ತಂತಿಸುರುಳಿ ದಾಟಿ ದೊಡ್ಡ ಬಾಯಿಗೆ,
ಸಣ್ಣದು ಕೆಪಾಸಿಟರ್ ದಾಟಿ ಟ್ವೀಟರಿಗೆ.
ದಾಟಿಸಬೇಕಾದದ್ದೇ ಒಣಗಿ ಕೂತಿತ್ತು.
ರಾಯಚೂರಿನ ಬಿಸಿಲು
ಬೆರಳುದ್ದದ ಕೊಳವೆಯೊಳಗೆ
ಕಾಗದ ಬಚ್ಚಿಟ್ಟ ತೇವವನ್ನೂ
ಹುಡುಕಿ ಕುಡಿಯುತ್ತದೆ.

ಹೊಸದು ಹಾಕಿದೆ, ನಾಲ್ಕು ಪಾಯಿಂಟ್ ಏಳು.
ಅದರ ಹೆಗಲಿಗೆ ಇನ್ನೊಂದು, ಬರೀ ಪಾಯಿಂಟ್ ಒಂದು,
ಹುಣಸೆ ಬೀಜದಷ್ಟು, ಬಣ್ಣವೂ ಅದೇ.
"ಇದ್ಯಾಕ?"
"ಬೈಪಾಸ್ ರೀ."
"ಅಯ್ಯ, ನಮ್ಮ ಯಜಮಾನ್ರಿಗೆ ಹೈದರಾಬಾದಿನಾಗ ಮಾಡಿದ್ರಲ್ಲ, ಅಂಥಾದ್ದ?"
"ಅಂಥಾದ್ದ. ಎದಿ ಸೀಳಂಗಿಲ್ಲ, ಅಷ್ಟ.
ಎಡದಂಡಿ ಕಾಲುವಿ ನೋಡೀರಲ್ಲ?
ತೂಬು ದೊಡ್ಡದ ಅದ, ಕೊನೀ ಹೊಲಕ್ಕ ನೀರು ಮುಟ್ಟಂಗಿಲ್ಲ.
ಬಗಲಾಗ ಕೈಯಗಲ ಒಂದು ತೋಡಿದ್ರ..."
"ಅದಕ್ಕ ಕಳವು ಅಂತಾರ, ಹುಸೇನಪ್ಪ."

ರಾಳದ ಹೊಗೆ ಎದ್ದಿತು. ನಾನು ಸುಮ್ಮನಾದೆ.

ನಿಜ ಹೇಳಬೇಕೆಂದರೆ
ಆ ಬೀಜ ಏನು ಮಾಡುತ್ತದೆಂದು ನನಗೇ ಕೇಳಿಸುವುದಿಲ್ಲ.
ಅರವತ್ತು ದಾಟಿದ ಕಿವಿ. ಜೀರುಂಡೆ ಹೋಯಿತು,
ಹೆಂಡತಿಯ ಬಳೆ ಹೋಯಿತು, ಬೈಗುಳ ಉಳಿದಿದೆ.
ಒಂದು ರಾತ್ರಿ ಪರದೆಯ ಹಿಂದೆ ಮೌನೇಶನನ್ನು ಕೂರಿಸಿ
ಹಚ್ಚು, ತೆಗೆ, ಹಚ್ಚು ಅಂದೆ.
ಹತ್ತರಲ್ಲಿ ನಾಲ್ಕು ಸರಿ ಹೇಳಿದೆ.
ನಾಣ್ಯ ಚಿಮ್ಮಿದ್ದರೆ ಐದಾದರೂ ಬರುತ್ತಿತ್ತು.
ಆಮೇಲೆ ಅವನು ಈ ಕಡೆ ಬಂದು ಕೂತ,
ಎಂಟು ಹೇಳಿದ.
ಅದು ಅವನ ಕಿವಿಯೋ, ಹುಡುಗನ ಅದೃಷ್ಟವೋ,
ಮತ್ತೊಮ್ಮೆ ಕೇಳಲು ಧೈರ್ಯವಾಗಲಿಲ್ಲ.
ಆದರೂ ಹಾಕುತ್ತೇನೆ,
ಅವ್ವ ಬ್ಯಾಳಿಗೆ ಬೆಲ್ಲದ ಹರಳು ಹಾಕುತ್ತಿದ್ದಂತೆ.
ಹನ್ನೆರಡು ರೂಪಾಯಿ.
ಬಿಲ್ಲಿನಲ್ಲಿ ಬರೆಯುವುದಿಲ್ಲ.

ಕ್ಯಾಸೆಟ್ ತಿರುಗಿತು.
ಟೀಚರು ಕಣ್ಣು ಮುಚ್ಚಿ, ತೋರುಬೆರಳು ಎತ್ತಿ,
ಉಕ್ತಲೇಖನ ಹೇಳುವವರ ಹಾಗೆ ನಿಂತರು.
ತಾಳ. ಕೆಮ್ಮು. ತಿಪ್ಪಮ್ಮ.
ಬೆರಳು ಇಳಿಯಿತು.
"ಸರಣು," ಅಂದರು ಟೀಚರು. "ಈಗೂ ಸರಣು."

ಬೆಸುಗೆಯ ಕಡ್ಡಿಗೆ ಮತ್ತೆ ಕೈ ಹಾಕಿದೆ.
"ಬ್ಯಾಡ, ತಡಿ.
ಕಂಬಳಿ ಹೋಗ್ಯದ.
ಮುಂದಿನ ಹಲ್ಲಿನ ಸಂದ್ಯಾಗ ಗಾಳಿ ಹಾಯೂದು ಕೇಳಸ್ತದ.
ಅತ್ತಿ ಎಂದೂ ಶ ಅಂದಾಕಿನ ಅಲ್ಲ, ಹುಸೇನಪ್ಪ.
ನಾನ ಇಷ್ಟು ವರ್ಷ
ತಿದ್ದಿ ತಿದ್ದಿ ನೆನಿಸ್ಕೊಂಡೀನಿ."

ಇನ್ನೊಂದು ಸಲ ಹಾಕಿಸಿದರು. ಮತ್ತೊಂದು ಸಲ.
ನಾನೂ ತಲೆ ಆಡಿಸಿದೆ.
ಆಟೋ ಹೋದ ಮೇಲೆ ಮೌನೇಶನನ್ನು ಕೇಳಿದೆ:
"ಆ ಗಾಳಿ ಹೆಂಗಿತ್ತಲೇ?"
ಅವನು ಹತ್ತಿರ ಬಂದು, ಹಲ್ಲು ಕಚ್ಚಿ,
ಅಂದು ತೋರಿಸಿದನಿರಬೇಕು.
ಕೆನ್ನೆಗೆ ತಣ್ಣಗೆ ತಗುಲಿತು.